ಲಾನ್ ಹಳದಿಯಾದರೆ ನಾಲೆ ನೀರಿನ ಕಳೆನಾಶಕವೇ ಕಾರಣವಾ?

ಆಗಸ್ಟ್ ಹೊತ್ತಿಗೆ ಮಂಡ್ಯದ ಬಯಲಲ್ಲಿ ಭತ್ತದ ನಾಟಿ ಜೋರಾಗುತ್ತದೆ. ನಾಟಿಯಾದ ವಾರದೊಳಗೆ ಗದ್ದೆಗೆ ಕಳೆ ಔಷಧಿ ಬೀಳುತ್ತದೆ. ಅದರ ಬೆನ್ನಿಗೇ ತೋಟದ ಮನೆ, ಕಲ್ಯಾಣ ಮಂಟಪ, ಸ್ಕೂಲ್ ಮೈದಾನ ನೋಡಿಕೊಳ್ಳುವವರು ಒಂದೇ ಮಾತು ಹೇಳತೊಡಗುತ್ತಾರೆ: ಗದ್ದೆಗೆ ಹೊಡೆದ ಔಷಧಿ ನೀರಲ್ಲಿ ಬಂತು, ನಮ್ಮ ಲಾನ್ ಹಾಳಾಯ್ತು. ಕೆಲವು ಸಲ ಇದು ನಿಜ. ಆದರೆ ಜಾಸ್ತಿ ಸಲ ಕಾರಣ ಬೇರೆ ಇರುತ್ತದೆ, ಅಥವಾ ಔಷಧಿಯೇ ಕಾರಣವಾದರೂ ಅದು ಬಂದ ದಾರಿ ಬೇರೆ ಇರುತ್ತದೆ. ದೊಡ್ಡ ನಾಲೆಯನ್ನು ಅನುಮಾನಿಸುವ ಮೊದಲು ನಿಮ್ಮ ಹತ್ತಿರದ ಸಣ್ಣ ನೀರನ್ನು ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಪಕ್ಕದ ಬಸಿಗಾಲುವೆ, ಗದ್ದೆ ಕೆಳಗಿನ ಹೊಂಡ, ನಿಮ್ಮದೇ ಸಂಪು, ನಿಮ್ಮದೇ ಡ್ರಮ್ಮು. ಯಾಕೆ ಅಂತ ಹೇಳುತ್ತೇನೆ.

ಮೊದಲು ನೀರು ಹರಿಯುವ ದಾರಿ ನೋಡೋಣ. ಕೆ.ಆರ್.ಎಸ್.ನಿಂದ ಬರುವ ವಿಶ್ವೇಶ್ವರಯ್ಯ ನಾಲೆ ಎತ್ತರದಲ್ಲಿ ಹರಿಯುತ್ತದೆ. ಗದ್ದೆಗಳು ಅದಕ್ಕಿಂತ ಕೆಳಗಿವೆ. ತೂಬಿನಿಂದ ಇಳಿದ ನೀರು ಕಾಲುವೆಗೆ ಬಂದು, ಒಂದು ಗದ್ದೆಯಿಂದ ಇನ್ನೊಂದು ಗದ್ದೆಗೆ ಮಡೆ ದಾಟಿ, ಕೊನೆಗೆ ಬಸಿಗಾಲುವೆಗೆ ಬೀಳುತ್ತದೆ. ಅಲ್ಲಿಂದ ಹಳ್ಳಕ್ಕೆ, ಕೆಳಗಿನ ಕೆರೆಗೆ. ಅಂದರೆ ನಾಲೆಯಲ್ಲಿರುವುದು ಗದ್ದೆಯನ್ನು ಇನ್ನೂ ಮುಟ್ಟದ ನೀರು. ಗದ್ದೆಯಲ್ಲಿ ನಿಂತು ಔಷಧಿ ಕುಡಿದ ನೀರು ಸಿಗುವುದು ಬಸಿಗಾಲುವೆಯಲ್ಲಿ. ನಾಲೆಗೆ ಪಂಪು ಇಟ್ಟವನಿಗೂ ಬಸಿಗಾಲುವೆಗೆ ಪಂಪು ಇಟ್ಟವನಿಗೂ ಇಬ್ಬರಿಗೂ ಬರುವುದು ಕಾವೇರಿ ನೀರೇ. ಆದರೆ ಎರಡೂ ಒಂದೇ ನೀರಲ್ಲ.

ಈಗ ಒಂದು ಸಣ್ಣ ಲೆಕ್ಕ. ಇದೊಂದು ಅರ್ಥವಾದರೆ ಮಿಕ್ಕಿದ್ದೆಲ್ಲ ಸುಲಭ.

ಭತ್ತದ ಗದ್ದೆಯಲ್ಲಿ 5 ಸೆಂಟಿಮೀಟರ್ ನೀರು ನಿಂತಿದೆ ಅಂದುಕೊಳ್ಳಿ. ಒಂದು ಗುಂಟೆ ಅಂದರೆ ಸುಮಾರು 100 ಚದರ ಮೀಟರ್, ಹಾಗಾಗಿ ಗುಂಟೆಗೆ 5000 ಲೀಟರ್ ನೀರು. ಆ ಗುಂಟೆಗೆ ಹಾಕಿದ ಔಷಧಿಯೆಲ್ಲ ಆ 5000 ಲೀಟರಿನಲ್ಲಿ ಕರಗಿದೆ ಅಂತ ಇಟ್ಟುಕೊಳ್ಳೋಣ. ನಿಮ್ಮ ಲಾನ್‌ಗೆ ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ನೀರು ಬೇಕು, ಅಂದರೆ ಗುಂಟೆಗೆ 500 ಲೀಟರ್. ಹತ್ತು ದಿನಕ್ಕೆ ಅದೇ 5000 ಲೀಟರ್ ಆಯ್ತು. ಗದ್ದೆಯ ನೀರನ್ನು ಬೇರೆ ನೀರು ಬೆರೆಸದೆ ಹಾಗೇ ಎತ್ತಿ ಹಾಕಿದರೆ, ಹತ್ತು ದಿನದಲ್ಲಿ ಲಾನ್‌ಗೂ ಗದ್ದೆಗೆ ಬಿದ್ದಷ್ಟೇ ಔಷಧಿ ಬಿದ್ದಂತೆ. ಅದೇ ನೀರಿಗೆ ನೂರು ಪಾಲು ಒಳ್ಳೆ ನೀರು ಸೇರಿದ್ದರೆ ಬೀಳುವುದು ನೂರರಲ್ಲಿ ಒಂದು ಭಾಗ. ನಿಜದಲ್ಲಿ ಅದಕ್ಕಿಂತಲೂ ಕಡಿಮೆ, ಏಕೆಂದರೆ ಒಂದಷ್ಟು ಔಷಧಿ ಗದ್ದೆಯ ಕೆಸರಿಗೆ ಅಂಟಿಕೊಂಡು ಅಲ್ಲೇ ಉಳಿಯುತ್ತದೆ, ಒಂದಷ್ಟು ಬಿಸಿಲಿಗೆ, ಸೂಕ್ಷ್ಮಜೀವಿಗಳಿಗೆ ಸಿಕ್ಕಿ ಕರಗಿಹೋಗುತ್ತದೆ.

ಹಾಗಾಗಿ 'ನೀರಲ್ಲಿ ಎಷ್ಟು ಗಾಢವಾಗಿದೆ' ಅಂತ ಕೇಳಿದರೆ ಸಾಲದು. 'ನನ್ನ ಒಂದು ಗುಂಟೆ ನೆಲಕ್ಕೆ ಒಟ್ಟು ಎಷ್ಟು ಬಿತ್ತು' ಅಂತ ಕೇಳಬೇಕು.

ಸ್ಪ್ರೇ ಕ್ಯಾನ್ ವಿಷಯದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಬೆನ್ನಿಗೆ ಹಾಕಿಕೊಳ್ಳುವ 15 ಲೀಟರ್ ಕ್ಯಾನ್ ಇದೆಯಲ್ಲ, ಹೆಕ್ಟೇರಿಗೆ 500 ಲೀಟರ್ ನೀರಿನ ಲೆಕ್ಕದಲ್ಲಿ ಹೊಡೆದರೆ ಅದು ಸುಮಾರು 3 ಗುಂಟೆಗೆ ಬರುತ್ತದೆ. ಹೊಡೆದು ಮುಗಿದ ಮೇಲೆ ತಳದಲ್ಲಿ ಅರ್ಧ ಲೀಟರ್ ಉಳಿದಿದ್ದರೆ, ಅದು 10 ಚದರ ಮೀಟರ್ ನೆಲಕ್ಕೆ ಸಾಕಾಗುವಷ್ಟು ಔಷಧಿ. ಆ ಕ್ಯಾನನ್ನು ಸಂಪಿನ ಅಂಚಲ್ಲಿ ಕುಕ್ಕರಿಸಿ ತೊಳೆದರೆ ಉಳಿದಿದ್ದು ಪೂರ್ತಿ ಸಂಪಿಗೇ ಹೋಗುತ್ತದೆ. ಸಂಪಿನಲ್ಲಿ 5000 ಲೀಟರ್ ನೀರಿರಲಿ, 10,000 ಲೀಟರ್ ಇರಲಿ, ಅಷ್ಟನ್ನೂ ನಿಮ್ಮ ಲಾನ್‌ಗೇ ಬಿಡುವುದಾದರೆ ಒಟ್ಟು ಬೀಳುವ ಔಷಧಿ ಬದಲಾಗುವುದಿಲ್ಲ. ಅರ್ಧ ಲೀಟರ್ ಉಳಿದಿದ್ದರೆ ಬಚಾವ್. ಮಳೆ ಬಂತು ಅಂತ ಅರ್ಧಕ್ಕೇ ನಿಲ್ಲಿಸಿ, ಮಿಕ್ಕ ಏಳೆಂಟು ಲೀಟರನ್ನು ಡ್ರಮ್ಮಿಗೆ ಸುರಿದಿದ್ದರೆ? ಒಂದೂವರೆ ಗುಂಟೆಗೆ ಹೊಡೆಯುವಷ್ಟು ಪೂರ್ತಿ ಔಷಧಿ ಅಲ್ಲಿ ಕೂತಿದೆ. ಮಾರನೇ ದಿನ ಮಾಲಿ ಅದೇ ಡ್ರಮ್ಮಿಗೆ ನೀರು ತುಂಬಿ ಲಾನ್‌ಗೆ ಬಿಡುತ್ತಾನೆ. ಬಯ್ಗುಳ ಮಾತ್ರ ನಾಲೆಗೆ.

ಇಷ್ಟೇ ಆಗಿದ್ದರೆ ಮಾತು ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಔಷಧಿಯಿಂದ ಔಷಧಿಗೆ ಗುಣ ಬೇರೆ.

ಗ್ಲೈಫೋಸೇಟ್ ವಿಷಯದಲ್ಲಿ ಎಲ್ಲರಿಗೂ ಭಯ ಜಾಸ್ತಿ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಅದನ್ನು ಕೀಟ ನಿಯಂತ್ರಣ ನಿರ್ವಾಹಕರು ಮಾತ್ರ ಬಳಸಬೇಕು ಅಂತ ನಿರ್ಬಂಧ ಹೇರಿತು. ಎಲೆ ಮೇಲೆ ಬಿದ್ದರೆ ಅದು ಹಸಿರಾಗಿರುವ ಯಾವುದನ್ನೂ ಬಿಡುವುದಿಲ್ಲ, ಗರಿಕೆಯನ್ನೂ ಬೇರುಸಮೇತ ಒಣಗಿಸುತ್ತದೆ. ಆದರೆ ನೀರಿನ ಜೊತೆ ಬಂದು ಲಾನ್ ಕೊಲ್ಲುವುದರಲ್ಲಿ ಅದು ತೀರಾ ಹಿಂದೆ. ಮಣ್ಣಿನ ಕಣ ಸಿಕ್ಕಿದ ಕೂಡಲೇ ಅದಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಬೇರಿಗೆ ಸಿಗುವುದೇ ಇಲ್ಲ ಅನ್ನುವಷ್ಟು. ಔಷಧಿ ಹೊಡೆಯುವವರಿಗೆ ಇದು ಗೊತ್ತಿರುವ ವಿಷಯವೇ. ರಾಡಿ ನೀರಲ್ಲಿ ಕಲಸಬೇಡಿ, ಕೆಲಸ ಮಾಡಲ್ಲ ಅಂತ ಅಂಗಡಿಯವರೇ ಹೇಳಿ ಕಳಿಸುತ್ತಾರಲ್ಲ, ಅದು ಇದೇ ಕಾರಣಕ್ಕೆ. ಪ್ಯಾರಾಕ್ವಾಟ್ ಕೂಡ ಹಾಗೇ, ಜೇಡಿಗೆ ಇನ್ನೂ ಬಿಗಿಯಾಗಿ ಅಂಟುತ್ತದೆ. ಮಳೆಗಾಲದ ಕೆಂಪು ನೀರಿನಲ್ಲಿ ಇವೆರಡರ ಆಟ ನಡೆಯುವುದಿಲ್ಲ.

ನಾನು ಹೆದರುವುದು ನೀರಲ್ಲಿ ಕರಗಿಯೇ ಇದ್ದು, ಮಣ್ಣಿಗೆ ಸಡಿಲವಾಗಿ ಅಂಟಿ, ಬೇರಿನಿಂದ ಮೇಲೇರುವ ಔಷಧಿಗಳಿಗೆ. ಕಬ್ಬಿಗೆ, ಮುಸುಕಿನ ಜೋಳಕ್ಕೆ ಹಾಕುವ ಅಟ್ರಾಜಿನ್ ಇಂಥದ್ದು. ಕಬ್ಬಿಗೇ ಹಾಕುವ ಮೆಟ್ರಿಬುಜಿನ್ ಇನ್ನೊಂದು. ಇವು ಎಲೆಯಲ್ಲಿ ಬೆಳಕಿನಿಂದ ಆಹಾರ ತಯಾರಾಗುವ ಕೆಲಸವನ್ನೇ ನಿಲ್ಲಿಸುತ್ತವೆ. ಜೋಳ, ಕಬ್ಬು ಅಟ್ರಾಜಿನ್ ತಡೆದುಕೊಳ್ಳುತ್ತವೆ, ಏಕೆಂದರೆ ಆ ಗಿಡಗಳಿಗೆ ಅದನ್ನು ಒಡೆದು ನಿರುಪದ್ರವಿ ಮಾಡುವ ಶಕ್ತಿ ಇದೆ. ಲಾನ್ ಹುಲ್ಲುಗಳಿಗೂ ಸ್ವಲ್ಪ ಮಟ್ಟಿಗೆ ತಡೆದುಕೊಳ್ಳುವ ಶಕ್ತಿ ಇದೆ. ನರ್ಸರಿಯವರು ಕೊರಿಯನ್ ಅನ್ನುವ ಜೊಯ್ಸಿಯಾ ಚೆನ್ನಾಗಿಯೇ ತಡೆಯುತ್ತದೆ. ಗರಿಕೆ ಜಾತಿಯ ಲಾನ್ ಚುರುಕಾಗಿ ಬೆಳೆಯುವಾಗ ಸಿಕ್ಕಿಬಿದ್ದರೆ ಹಳದಿಯಾಗಿ, ಆಮೇಲೆ ಸುಧಾರಿಸಿಕೊಳ್ಳುತ್ತದೆ.

ಅಟ್ರಾಜಿನ್‌ಗೆ ಒಂದು ಉದಾಹರಣೆ ಹಾಕಿ ನೋಡೋಣ. ಮುಸುಕಿನ ಜೋಳಕ್ಕೆ ಹೆಕ್ಟೇರಿಗೆ 1 ಕೆ.ಜಿ. ಹಾಕಿದರೆ ಗುಂಟೆಗೆ 10 ಗ್ರಾಂ ಬೀಳುತ್ತದೆ. ನಿಮ್ಮ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ಇದೆ ಅಂದುಕೊಳ್ಳಿ. 1000 ಲೀಟರಿನ ಟ್ಯಾಂಕಿನಲ್ಲಿ 10 ಮಿಲಿಗ್ರಾಂ ಅಂದ ಹಾಗೆ, ಒಂದು ಚಿಟಿಕೆಗಿಂತ ಎಷ್ಟೋ ಕಡಿಮೆ. ಒಂದು ತಿಂಗಳಲ್ಲಿ ಒಂದು ಗುಂಟೆ ಲಾನ್‌ಗೆ 15,000 ಲೀಟರ್ ಬಿಟ್ಟರೆ ಬೀಳುವುದು 150 ಮಿಲಿಗ್ರಾಂ. 10 ಗ್ರಾಂ ಎಲ್ಲಿ, 150 ಮಿಲಿಗ್ರಾಂ ಎಲ್ಲಿ? ನೂರರಲ್ಲಿ ಒಂದೂವರೆ ಭಾಗ. ಬೆಳೆದ ಲಾನ್ ಇದನ್ನು ಗಮನಿಸುವುದೂ ಇಲ್ಲ.

ಅದೇ ಲೆಕ್ಕವನ್ನು ಟೋಪ್ರಮೆಜೋನ್‌ಗೆ ಹಾಕಿ. ಇದೂ ಮುಸುಕಿನ ಜೋಳದ ಔಷಧಿಯೇ. ಮೈಸೂರು ಜಿಲ್ಲೆಯಲ್ಲಿ ಹುಣಸೂರು, ಎಚ್.ಡಿ. ಕೋಟೆ ಕಡೆ ಮುಸುಕಿನ ಜೋಳ ಬೆಳೆಯುವವರಿಗೆ ಇದರ ಪರಿಚಯ ಇರುತ್ತದೆ. ಹೆಕ್ಟೇರಿಗೆ ಬೇಕಾಗುವುದು ಸುಮಾರು 25 ಗ್ರಾಂ ಮಾತ್ರ, ಅಂದರೆ ಗುಂಟೆಗೆ 250 ಮಿಲಿಗ್ರಾಂ. ಈಗ ಅದೇ 150 ಮಿಲಿಗ್ರಾಂ ಅರ್ಧ ಡೋಸ್‌ಗಿಂತ ಜಾಸ್ತಿಯಾಯ್ತು! ತಿಂಗಳು ಪೂರ್ತಿ ಅಷ್ಟೇ ಮಟ್ಟದಲ್ಲಿ ಇರುವುದು ಕಷ್ಟ, ನಡುವೆ ಕರಗುತ್ತಾ ಹೋಗುತ್ತದೆ, ಸರಿ. ಆದರೆ ಗರಿಕೆಗೆ ಈ ಔಷಧಿ ಅಂದರೆ ಆಗಿಬರುವುದಿಲ್ಲ. ಹೊಸ ಎಲೆಗಳು ಬಿಳಿಚಿಕೊಳ್ಳುತ್ತವೆ, ಹಳದಿಯೂ ಅಲ್ಲ, ಪೂರ್ತಿ ಹಾಲಿನ ಬಿಳಿ. ಕೆಲವು ಕಡೆ ತಿಳಿ ಗುಲಾಬಿ ಛಾಯೆ. ಒಮ್ಮೆ ನೋಡಿದವರು ಮರೆಯುವುದಿಲ್ಲ. ಎರಡೂ ಔಷಧಿಗೆ ನೀರಿನಲ್ಲಿ ಅದೇ 10 ಮೈಕ್ರೋಗ್ರಾಂ. ಒಂದರಲ್ಲಿ ಲಾನ್‌ಗೆ ಏನೂ ಆಗಲ್ಲ, ಇನ್ನೊಂದರಲ್ಲಿ ಚಿಂತೆ ಮಾಡಬೇಕು.

2,4-ಡಿ ಬೇರೆಯದೇ ಕತೆ. ಅಗಲ ಎಲೆಯ ಕಳೆಗೆ ಹೊಡೆಯುವ ಔಷಧಿ ಇದು, ಬೆಳೆದ ಹುಲ್ಲಿಗೆ ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ಅಮೆರಿಕದಲ್ಲಿ ಕೆರೆಯ ಕಳೆಗೆ ಇದನ್ನು ಹಾಕಿದರೆ, ಆ ನೀರನ್ನು ಬೆಳೆಗೆ ಬಿಡುವ ಮೊದಲು ಲೀಟರಿಗೆ 100 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಕೆಳಗೆ ಇಳಿದಿರಬೇಕು, ಇಲ್ಲವೇ ಹೇಳಿದಷ್ಟು ದಿನ ಕಾಯಬೇಕು ಅಂತ ಲೇಬಲ್‌ನಲ್ಲೇ ಇರುತ್ತದೆ. ಈ ಎಚ್ಚರಿಕೆ ಹುಲ್ಲಿಗಿಂತ ಜಾಸ್ತಿ ಬೇರೆ ಗಿಡಗಳಿಗಾಗಿ. ನಿಮ್ಮ ಲಾನ್ ಹಸಿರಾಗೇ ಇದ್ದು, ಅದೇ ನೀರು ಕುಡಿದ ಟೊಮೆಟೊ ಗಿಡದ ಎಳೆ ಎಲೆ ಸಪೂರವಾಗಿ, ನರನರವಾಗಿ ಮುರುಟಿಕೊಂಡಿದ್ದರೆ, ದಂಟು ಬಾಗಿ ತಿರುಚಿಕೊಂಡಿದ್ದರೆ, ಆಗ 2,4-ಡಿ ಮೇಲೆ ಅನುಮಾನ ಪಡಿ. ಭತ್ತದಲ್ಲಿ, ಕಳೆಗೆ ಗ್ರಾಂಗಳ ಲೆಕ್ಕದಲ್ಲಿ ಹಾಕುವ ಮೆಟ್‌ಸಲ್ಫ್ಯೂರಾನ್ ಕೂಡ ಹೀಗೇ. ಗರಿಕೆ, ಜೊಯ್ಸಿಯಾ ಎರಡೂ ಅದನ್ನು ತಡೆಯುತ್ತವೆ, ಅಂಚಿನ ಹೂಗಿಡಗಳು ತಡೆಯುವುದಿಲ್ಲ. ಹಾಗಾಗಿ ಲಾನ್ ನೋಡುವಾಗ ಲಾನ್ ಒಂದನ್ನೇ ನೋಡಬೇಡಿ.

ಇನ್ನು ಭತ್ತಕ್ಕೆ ನಾಟಿಯಾದ ಕೆಲವೇ ದಿನಕ್ಕೆ ಹಾಕುವ ಬ್ಯುಟಾಕ್ಲೋರ್, ಪ್ರೆಟಿಲಾಕ್ಲೋರ್. ಇವು ಮೊಳಕೆಯನ್ನು ಹಿಡಿಯುವ ಔಷಧಿಗಳು. ಬೆಳೆದು ಚಾಪೆಯಂತೆ ಹರಡಿದ ಲಾನ್‌ಗೆ ಇವುಗಳ ನೀರು ಬಿದ್ದರೂ ದೊಡ್ಡ ತೊಂದರೆ ಕಾಣುವುದಿಲ್ಲ. ಬೀಜ ಚೆಲ್ಲಿ ಲಾನ್ ಮಾಡುತ್ತಿದ್ದರೆ ಮಾತ್ರ ಮೊಳಕೆಯೇ ಏಳುವುದಿಲ್ಲ, ಎದ್ದರೂ ಮೊದಲ ಎಲೆ ಸುತ್ತಿಕೊಂಡು ಬಿಚ್ಚುವುದಿಲ್ಲ. ಪೆಂಡಿಮೆಥಾಲಿನ್ ಬೇರನ್ನು ಹಿಡಿಯುತ್ತದೆ. ನೀರಲ್ಲಿ ಕರಗುವುದು ತೀರಾ ಕಡಿಮೆ, ಆದರೆ ಮಣ್ಣಿನ ರಾಡಿ ಜೊತೆ ಬರುತ್ತದೆ. ಹೊಸದಾಗಿ ಹುಲ್ಲಿನ ತುಂಡು ನೆಟ್ಟಲ್ಲಿ ಹೀಗಾಗಿದೆಯಾ ಅಂತ ನೋಡಲು ಒಂದು ಬಳ್ಳಿಯನ್ನು ಮೆಲ್ಲಗೆ ಎಳೆದು ನೋಡಿ. ಗಿಣ್ಣುಗಳೆಲ್ಲ ಹಸಿರಾಗೇ ಇರುತ್ತವೆ, ಎಲೆಯೂ ಬಂದಿರುತ್ತದೆ. ಆದರೆ ಬಳ್ಳಿ ಸಲೀಸಾಗಿ ಕೈಗೆ ಬಂದುಬಿಡುತ್ತದೆ. ಗಿಣ್ಣಿನ ಅಡಿಯಲ್ಲಿ ಬಿಳಿ ಬೇರು ಅಕ್ಕಿಕಾಳಿನಷ್ಟು ಉದ್ದ ಬಂದು ಅಲ್ಲೇ ನಿಂತಿದೆ, ತುದಿ ದಪ್ಪಗಾಗಿ ಗುಂಡಗಿದೆ, ಪಕ್ಕದಲ್ಲಿ ಎಳೆ ಬೇರು ಒಂದೂ ಇಲ್ಲ. ಇಂಥ ಲಾನ್ ಮೇಲಿನಿಂದ ಚೆನ್ನಾಗೇ ಕಾಣುತ್ತದೆ. ಎರಡು ದಿನ ಬಿಸಿಲು ಬಿದ್ದರೆ ಒಣಗುತ್ತದೆ, ಮಾಲಿಗೆ ನೀರು ಸಾಲಲಿಲ್ಲ ಅಂತ ಬೈಗುಳ ಬೀಳುತ್ತದೆ.

ಇದರಿಂದ ನನಗೆ ಖಚಿತವಾಗಿ ಅನ್ನಿಸಿದ್ದು, ಯಾವ ಹುಲ್ಲು ಅನ್ನುವುದಕ್ಕಿಂತ ಎಷ್ಟು ದಿನದ ಹುಲ್ಲು ಅನ್ನುವುದೇ ಮುಖ್ಯ. ವರ್ಷ ದಾಟಿದ ಗರಿಕೆ ಲಾನ್‌ಗೆ ನೆಲದಡಿ ಗೆಡ್ಡೆಯಂಥ ಬಳ್ಳಿಗಳಿರುತ್ತವೆ, ಮೇಲಿನದು ಸುಟ್ಟರೂ ಕೆಳಗಿನಿಂದ ಚಿಗುರುತ್ತದೆ. ತಿಂಗಳ ಹಿಂದೆ ನೆಟ್ಟ ಲಾನ್‌ಗೆ ಆ ಗಂಟು ಇಲ್ಲ. ಸುತ್ತ ಗದ್ದೆ ಇರುವ ಜಾಗದಲ್ಲಿ ಬಸಿ ನೀರನ್ನೇ ನಂಬಿ ನಾಟಿ ಸಮಯದಲ್ಲಿ ಹೊಸ ಲಾನ್ ಹಾಕಿಸಬೇಡಿ. ಬೋರ್‌ವೆಲ್ ನೀರಿದ್ದರೆ ಹಾಕಿಸಿ, ಇಲ್ಲದಿದ್ದರೆ ಒಂದೂವರೆ ಎರಡು ತಿಂಗಳು ತಡೆಯಿರಿ.

ಈಗ ಬೇರೆ ಕಾರಣಗಳು. ಲಾನ್ ಹಳದಿಯಾಗುವುದಕ್ಕೆ ಕಳೆನಾಶಕವೇ ಬೇಕಿಲ್ಲ, ಅಲ್ವಾ? ನಾಲೆಯ ಕೊನೆ ಭಾಗದಲ್ಲಿ, ನೀರು ನಿಂತು ನಿಂತು ಉಪ್ಪೇರಿದ ಕಪ್ಪು ಮಣ್ಣಿನಲ್ಲಿ, ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಅದು ಕಬ್ಬಿಣದ ಕೊರತೆ. ಇದನ್ನು ಪತ್ತೆ ಮಾಡುವುದು ಸುಲಭ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ ಒಂದು ಚದರ ಮೀಟರಿಗೆ ಮಾತ್ರ ಸಂಜೆ ಹೊತ್ತು ಸಿಂಪಡಿಸಿ. ನಾಲ್ಕೈದು ದಿನದಲ್ಲಿ ಆ ಚೌಕ ಹಸಿರಾದರೆ ಔಷಧಿಯ ಚಿಂತೆ ಬಿಡಿ. ಉಪ್ಪಿನ ತೊಂದರೆಯಾದರೆ ಎಲೆಯ ತುದಿ ಸುಡುತ್ತದೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಂಥ ಕಡೆ ಮಣ್ಣು, ನೀರು ಪರೀಕ್ಷೆ ಮಾಡಿಸಿದರೆ ಇ.ಸಿ. ಅಂತ ಒಂದು ಸಂಖ್ಯೆ ಕೊಡುತ್ತಾರೆ, ಉಪ್ಪು ಎಷ್ಟಿದೆ ಅಂತ ತೋರಿಸುವ ಅಳತೆ ಅದು. ನೀರಿನ ಇ.ಸಿ. (ಡೆಸಿಸೀಮನ್ಸ್/ಮೀಟರ್ ಲೆಕ್ಕದಲ್ಲಿ) 0.7ಕ್ಕಿಂತ ಕಡಿಮೆ ಇದ್ದರೆ ಯಾವ ಬೆಳೆಗೂ ಚಿಂತೆ ಇಲ್ಲ, 3 ದಾಟಿದರೆ ಗಂಭೀರ. ಗರಿಕೆ ಉಪ್ಪನ್ನು ಚೆನ್ನಾಗಿ ತಡೆಯುತ್ತದೆ, ಹಾಗಾಗಿ ಗರಿಕೆಯೇ ಸುಟ್ಟಿದೆ ಅಂದರೆ ಉಪ್ಪು ತುಂಬಾ ಏರಿದೆ ಅಂತ ಅರ್ಥ. ಒಂದು ಮಾತು ನೆನಪಿರಲಿ, ಮಾಮೂಲಿ ಮಣ್ಣು ಪರೀಕ್ಷೆಯಲ್ಲಿ ಕಳೆನಾಶಕ ಕಾಣುವುದಿಲ್ಲ. ಅದಕ್ಕೆ ಬೇರೆ ಯಂತ್ರ, ಬೇರೆ ಲ್ಯಾಬ್, ಬೇರೆ ದುಡ್ಡು. ಯಾವ ಔಷಧಿ ಹುಡುಕಬೇಕು ಅಂತ ಮೊದಲೇ ಹೇಳಿದರೆ ಅವರ ಕೆಲಸವೂ ಸುಲಭ, ನಿಮ್ಮ ಖರ್ಚೂ ಕಡಿಮೆ.

ಹಾನಿಯ ಆಕಾರವೂ ತುಂಬಾ ಹೇಳುತ್ತದೆ. ಶಿಲೀಂಧ್ರ ರೋಗ ದುಂಡಗೆ, ಚುಕ್ಕೆ ಚುಕ್ಕೆಯಾಗಿ ಬರುತ್ತದೆ. ನೀರಿನಿಂದ ಬಂದ ಹಾನಿ ನೀರು ಬಿದ್ದ ಕಡೆಯಷ್ಟೇ ಇರುತ್ತದೆ: ಸ್ಪ್ರಿಂಕ್ಲರ್ ಎರಡೂ ಕಡೆಯಿಂದ ಬೀಳುವ ಪಟ್ಟಿಯಲ್ಲಿ ಜಾಸ್ತಿ, ಪೈಪು ತಲುಪದ ಮೂಲೆಯಲ್ಲಿ ಸೊನ್ನೆ. ಅಟ್ರಾಜಿನ್, ಮೆಟ್ರಿಬುಜಿನ್ ಆದರೆ ಹಳೆ ಎಲೆಯ ತುದಿ, ಅಂಚಿನಿಂದ ಹಳದಿ ಶುರುವಾಗಿ ಕಂದಾಗುತ್ತದೆ. ಲಾನ್‌ನಲ್ಲಿ ಸಿಕ್ಕಿದ ಬೇರೆ ಜಾತಿಯ ಗಿಡಗಳಿಗೂ ಒಟ್ಟಿಗೇ ಹಾನಿಯಾಗಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ರೋಗಗಳು ಹೀಗೆ ಎಲ್ಲ ಜಾತಿಯನ್ನೂ ಒಂದೇ ವಾರ ಹಿಡಿಯುವುದು ಅಪರೂಪ.

ಅನುಮಾನ ಬಂದ ಮೇಲೆ ಲ್ಯಾಬಿಗೆ ಓಡುವ ಮೊದಲು ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ, ನನಗೆ ತುಂಬಾ ಇಷ್ಟವಾದದ್ದು. ಲಾನ್‌ಗೆ ಸಂಬಂಧವಿಲ್ಲದ ಕಡೆಯಿಂದ ಮರಳು ಮಿಶ್ರಿತ ಕೆಂಪು ಮಣ್ಣು ತನ್ನಿ. ಗೊಬ್ಬರ ಬೆರೆಸಬೇಡಿ, ಗೊಬ್ಬರ ಔಷಧಿಯನ್ನು ಹಿಡಿದಿಟ್ಟುಕೊಂಡು ನಿಮಗೆ ಸುಳ್ಳು ಧೈರ್ಯ ಕೊಡುತ್ತದೆ. ಕುಂಡಗಳನ್ನು ಎರಡು ಗುಂಪು ಮಾಡಿ, ಎರಡರಲ್ಲೂ ರಾಗಿ, ಸಾಸಿವೆ, ಸೌತೆ, ಟೊಮೆಟೊ ಬೀಜ ಹಾಕಿ. ಒಂದು ಗುಂಪಿಗೆ ಅನುಮಾನದ ನೀರು, ಇನ್ನೊಂದಕ್ಕೆ ಮನೆಯ ನಲ್ಲಿ ನೀರು ಅಥವಾ ಮಳೆ ನೀರು. ಒಂದೇ ಬಿಸಿಲಲ್ಲಿ ಇಡಿ, ಒಂದೇ ಅಳತೆಯಲ್ಲಿ ನೀರು ಹಾಕಿ. ರಾಗಿ ಹುಲ್ಲಿನ ಜಾತಿ, ಅದು ಲಾನ್ ಪರವಾಗಿ ಹೇಳುತ್ತದೆ. ರಾಗಿ ಮೊಳೆಯದಿದ್ದರೆ ಪ್ರೆಟಿಲಾಕ್ಲೋರ್ ಥರದ್ದು, ಬೇರು ಕುಗ್ಗಿದರೆ ಪೆಂಡಿಮೆಥಾಲಿನ್ ಥರದ್ದು. ಟೊಮೆಟೊ ತಿರುಚಿಕೊಂಡರೆ 2,4-ಡಿ ಥರದ್ದು. ಸೌತೆಯಲ್ಲಿ ಆತುರ ಬೇಡ. ಅಟ್ರಾಜಿನ್ ಇದ್ದರೂ ಸೌತೆ ಮೊಳಕೆ ಚೆನ್ನಾಗೇ ಬರುತ್ತದೆ, ಬೀಜದೊಳಗಿನ ಸತ್ವ ಮುಗಿದು ನಿಜವಾದ ಎಲೆ ತನ್ನ ಆಹಾರ ತಾನೇ ಮಾಡಿಕೊಳ್ಳಬೇಕಾದಾಗ ಅಂಚು ಹಳದಿಯಾಗಿ ಒಣಗುತ್ತದೆ. ಅದಕ್ಕೇ ಮೂರು ವಾರ ಕಾಯಬೇಕು. ಎರಡು ಗುಂಪೂ ಒಂದೇ ಥರ ಬಂದರೆ ನೀರಿನ ಮೇಲಿನ ಆರೋಪ ಕೈಬಿಡಿ, ಬೇರೆ ಕಾರಣ ಹುಡುಕಿ.

ಹುಲ್ಲು ಚೆನ್ನಾಗಿದೆ ಅಂದರೆ ಆ ನೀರು ಕುಡಿಯಲೂ ಸರಿ ಅಂತ ಮಾತ್ರ ತಿಳಿಯಬೇಡಿ. ಅಮೆರಿಕದಲ್ಲಿ ಕುಡಿಯುವ ನೀರಿನಲ್ಲಿ ಅಟ್ರಾಜಿನ್‌ಗೆ ಇರುವ ಮಿತಿ ಲೀಟರಿಗೆ 3 ಮೈಕ್ರೋಗ್ರಾಂ. ಲಾನ್ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇದ್ದರೂ ತುಟಿಪಿಟಕ್ ಅನ್ನುವುದಿಲ್ಲ.

ಹಾನಿ ಖಚಿತವಾದರೆ ಮೊದಲ ಕೆಲಸ ಆ ನೀರು ನಿಲ್ಲಿಸುವುದು. ಹುಲ್ಲು ಸೊರಗಿದೆ ಅಂತ ಯೂರಿಯಾ ಎರಚಲು ಹೋಗಬೇಡಿ, ಕತ್ತರಿಸುವ ಎತ್ತರ ಸ್ವಲ್ಪ ಏರಿಸಿ, ಸುಮ್ನೆ ಬಿಡಿ. ಬೆಳೆದ ಗರಿಕೆ ಬಹುತೇಕ ತಾನೇ ಎದ್ದುಬರುತ್ತದೆ. ಮಣ್ಣಿನಲ್ಲೇ ಔಷಧಿ ಉಳಿದಿದೆ, ಹೊಸದಾಗಿ ನೆಡಬೇಕು ಅಂತಾದರೆ ಆ್ಯಕ್ಟಿವೇಟೆಡ್ ಚಾರ್ಕೋಲ್ ಒಳ್ಳೆಯ ದಾರಿ. ಗುಂಟೆಗೆ 1ರಿಂದ 2 ಕೆ.ಜಿ. ನೀರಲ್ಲಿ ಕಲಸಿ ಸಮನಾಗಿ ಹರಡಿ, ಮೇಲಿನ ಮಣ್ಣಿಗೆ ಬೆರೆಸಬೇಕು. ಅಟ್ರಾಜಿನ್, 2,4-ಡಿ, ಪೆಂಡಿಮೆಥಾಲಿನ್ ಇವನ್ನೆಲ್ಲ ಅದು ಹಿಡಿದಿಟ್ಟುಕೊಳ್ಳುತ್ತದೆ. ಒಲೆಯ ಇದ್ದಿಲು ಪುಡಿ ಮಾಡಿ ಹಾಕಿದರೆ ಅಷ್ಟು ಕೆಲಸ ಆಗುವುದಿಲ್ಲ. ಚಾರ್ಕೋಲ್ ಹಾಕಿದ ಮೇಲೂ ಆ ಮಣ್ಣನ್ನೇ ಕುಂಡಕ್ಕೆ ತುಂಬಿ ರಾಗಿ ಹಾಕಿ ನೋಡಿ, ಆಮೇಲೆ ಹುಲ್ಲು ತರಿಸಿ. ಕೊರಿಯನ್ ಹುಲ್ಲಿನ ಮ್ಯಾಟ್‌ಗೆ ಕೊಡುವ ದುಡ್ಡು ಕಡಿಮೆಯೇನಲ್ಲ.

ಪಕ್ಕದ ಗದ್ದೆಯವರ ಜೊತೆ ಜಗಳಕ್ಕೆ ಹೋಗುವವರನ್ನು ನೋಡಿದರೆ ಬೇಸರವಾಗುತ್ತದೆ. ಕಳೆ ಕೀಳಲು ಆಳು ಸಿಗದೆ, ಸಿಕ್ಕರೂ ಕೂಲಿ ಕೊಡಲಾಗದೆ ರೈತರು ಔಷಧಿಗೆ ಇಳಿದಿದ್ದಾರೆ, ನಮ್ಮ ಲಾನ್ ಕೆಡಿಸಲು ಅಲ್ಲ. ಅವರಿಗೂ ಒಂದು ಲಾಭ ತೋರಿಸಿ ಮಾತಾಡಿ. ಔಷಧಿ ಹಾಕಿದ ಮೇಲೆ ಕೆಲವು ದಿನ ಮಡೆ ಕಟ್ಟಿ ನೀರು ಗದ್ದೆಯಲ್ಲೇ ನಿಲ್ಲಿಸಿದರೆ ಔಷಧಿ ಅವರ ಕಳೆಯ ಮೇಲೆ ಪೂರ್ತಿ ಕೆಲಸ ಮಾಡುತ್ತದೆ, ಕೊಟ್ಟ ದುಡ್ಡು ಹಳ್ಳಕ್ಕೆ ಹೋಗುವುದಿಲ್ಲ, ಬಸಿಗಾಲುವೆಯ ಮೀನೂ ಉಳಿಯುತ್ತದೆ. ಬ್ಯುಟಾಕ್ಲೋರ್ ಮೀನಿಗೆ ವಿಷ. ಯಾವ ದಿನ ಹೊಡೆಯುತ್ತೀರಿ ಅಂತ ಕೇಳಿಟ್ಟುಕೊಂಡು, ಆ ದಿನದಿಂದ ಒಂದೆರಡು ವಾರ ಬಸಿಗಾಲುವೆಯ ಪಂಪು ಬಂದ್ ಮಾಡಿ. ನಿಮ್ಮ ಸಂಪಿಗೆ ಮುಚ್ಚಳ ಹಾಕಿಸಿ. ಕಳೆ ಔಷಧಿಗೆ ಅಂತಲೇ ಒಂದು ಕ್ಯಾನ್, ಒಂದು ಬಕೆಟ್ ಬೇರೆ ಇಟ್ಟು ಅದರ ಮೇಲೆ ಬಣ್ಣದಲ್ಲಿ ಗುರುತು ಹಾಕಿ. ಕ್ಯಾನ್ ತೊಳೆದ ನೀರನ್ನು ಔಷಧಿ ಹೊಡೆದ ಹೊಲಕ್ಕೇ ಮತ್ತೆ ಸಿಂಪಡಿಸಿ ಖಾಲಿ ಮಾಡಲು ಹೇಳಿ, ಸಂಪಿನ ಹತ್ತಿರ ತರುವುದೇ ಬೇಡ.